ಬೋರ್ಡಿನಿಂದ ‘ಬಾಲಕಿಯರ’ ಎಂಬ ಪದ ಅಳಿಸುವ ಮುನ್ನ

ತಾಲ್ಲೂಕು ಕೇಂದ್ರದ ಅನುದಾನಿತ ಬಾಲಕಿಯರ ಪ್ರೌಢಶಾಲೆಗೆ ಹುಡುಗರನ್ನೂ ಸೇರಿಸಿಕೊಳ್ಳುವುದು ಎಂದು ತೀರ್ಮಾನವಾದಾಗ ಎಲ್ಲರ ತಲೆಯಲ್ಲಿದ್ದ ಲೆಕ್ಕ ಒಂದೇ. ಜೂನ್‌ನಲ್ಲಿ ದಾಖಲಾತಿ ತೆರೆದರೆ ಮುಗೀತು. ಮುಗಿಯಲು ಮೂರು ವರ್ಷ ಬೇಕು. 8ನೇ ತರಗತಿಗೆ ಬಂದ ಮೊದಲ ಹುಡುಗರು ಎಸ್ಸೆಸ್ಸೆಲ್ಸಿ ಬರೆಯುವವರೆಗೂ ಶಾಲೆ ಅರ್ಧ ಹಳೆಯದು, ಅರ್ಧ ಹೊಸದು. ಆ ಮೂರು ವರ್ಷಗಳಲ್ಲಿ ಯಾವ ಕೆಲಸ ಯಾವಾಗ ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇವೆ. ಇದೇ ದಾರಿಯಲ್ಲಿರುವ ಬೇರೆ ಶಾಲೆಯವರಿಗೆ ಉಪಯೋಗಕ್ಕೆ ಬಂದೀತು. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಹುಡುಗರಿಗೆ ಜಾಗ ಮಾಡಿಕೊಡುವುದು ಅಂಥ ಕಷ್ಟದ ಕೆಲಸವಲ್ಲ. ಹುಡುಗಿಯರಿಗೆ ಆಗಲೇ ಇದ್ದ ಜಾಗವನ್ನು ಉಳಿಸುವುದು ಕಷ್ಟ.

ಕಾರಣದ ಬಗ್ಗೆ ಮುಚ್ಚುಮರೆ ಬೇಡ. ಠರಾವಿನಲ್ಲಿ ‘ಲಿಂಗ ಸಮಾನತೆಯ ಆಶಯದಂತೆ’ ಎಂದು ಬರೆಯುತ್ತೇವೆ, ನಿಜವಾದ ಕಾರಣ ಮಕ್ಕಳ ಸಂಖ್ಯೆ. ಹಳ್ಳಿಯ ಬಾಗಿಲಿಗೇ ಹಳದಿ ಬಸ್ಸು ಬಂದು ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿರುವಾಗ ಅನುದಾನಿತ ಶಾಲೆಯ ಬೆಂಚು ಖಾಲಿಯಾಗುತ್ತದೆ. ಬೆಂಚು ಖಾಲಿಯಾದರೆ ಶಿಕ್ಷಕರ ಹುದ್ದೆ ‘ಹೆಚ್ಚುವರಿ’ ಎಂದು ಗುರುತಾಗುತ್ತದೆ. ಕೇರಳದಲ್ಲಿ ಇದು ತತ್ವದ ಪ್ರಶ್ನೆಯಾಗಿ ಬಂತು. ಅಲ್ಲಿನ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2022ರ ಜುಲೈನಲ್ಲಿ, 2023–24ರಿಂದ ರಾಜ್ಯದಲ್ಲಿ ಸಹಶಿಕ್ಷಣ ಶಾಲೆಗಳಷ್ಟೇ ಇರಬೇಕು ಎಂದು ಆದೇಶಿಸಿತು. ಆಗ ಅಲ್ಲಿದ್ದದ್ದು 280 ಬಾಲಕಿಯರ ಶಾಲೆ, 164 ಬಾಲಕರ ಶಾಲೆ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಲಾಗದು, ಪೋಷಕರ ಸಂಘವೂ ಸ್ಥಳೀಯ ಸಂಸ್ಥೆಯೂ ಒಪ್ಪಿ ಕೇಳಿದ ಶಾಲೆಗಳನ್ನು, ಸೌಕರ್ಯ ನೋಡಿಕೊಂಡು ಒಂದೊಂದಾಗಿ ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿನ ಸರ್ಕಾರ ಹೇಳಿತು. ಈ ಎಚ್ಚರಿಕೆ ನಮಗೂ ಒಪ್ಪಿಗೆ.

ಬದಲಾಗಲೇಬಾರದ ಶಾಲೆಗಳೂ ಇವೆ. ಹುಡುಗಿಯರ ಶಾಲೆ ಎಂಬ ಒಂದೇ ಕಾರಣಕ್ಕೆ ಮನೆಯಿಂದ ಹೊರಬಿದ್ದು ಓದುತ್ತಿರುವ ಹುಡುಗಿಯರು ಪ್ರತಿ ಊರಲ್ಲೂ ಇದ್ದಾರೆ. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿ ಬಾಲಕಿಯರ ಶಾಲೆ ತೆರೆದಾಗ ಇದ್ದ ಅಳುಕು ಎಲ್ಲ ಮನೆಗಳಿಂದಲೂ ಹೋಗಿಲ್ಲ. ಆದ್ದರಿಂದ ಠರಾವಿಗೂ ಮೊದಲು ಆಗಬೇಕಾದ ಕೆಲಸ ಮನೆಮನೆ ವಿಚಾರಣೆ. ಈಗಿರುವ 8 ಮತ್ತು 9ನೇ ತರಗತಿಯ ಪ್ರತಿ ಹುಡುಗಿಯ ಮನೆಯವರನ್ನೂ ಕೇಳಬೇಕು, ಅದೂ ತಾಯಿಯನ್ನು ಬೇರೆಯಾಗಿ. ಚೀಟಿ ಕಳಿಸಿ ‘ಒಪ್ಪಿಗೆ ಇದೆ / ಇಲ್ಲ’ಕ್ಕೆ ಸಹಿ ಹಾಕಿಸಿಕೊಂಡರೆ ಪ್ರಯೋಜನವಿಲ್ಲ, ಹುಡುಗಿ ದಾರಿಯಲ್ಲೇ ಅಪ್ಪನ ಸಹಿ ಹಾಕಿ ತರುತ್ತಾಳೆ. ಕೇಳಬೇಕಾದ ಪ್ರಶ್ನೆ ಒಂದೇ: ಹುಡುಗರು ಸೇರಿದರೆ ಮಗಳನ್ನು ಇಲ್ಲೇ ಉಳಿಸುತ್ತೀರಾ, ಬೇರೆ ಶಾಲೆಗೆ ಹಾಕುತ್ತೀರಾ, ಮನೆಯಲ್ಲಿ ಕೂರಿಸುತ್ತೀರಾ? ಮೂರನೆಯ ಉತ್ತರ ಬಂದ ಮನೆಗಳ ಪಟ್ಟಿಯನ್ನು ಮುಖ್ಯ ಶಿಕ್ಷಕರು ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ಆ ಪಟ್ಟಿ ಉದ್ದವಾಗಿದ್ದು, ನಡೆದು ಹೋಗುವಷ್ಟು ದೂರದಲ್ಲಿ ಇನ್ನೊಂದು ಬಾಲಕಿಯರ ಶಾಲೆ ಇಲ್ಲದಿದ್ದರೆ ಈ ಕೆಲಸವನ್ನೇ ಕೈಬಿಡಿ. ಹುದ್ದೆ ಉಳಿಸಿಕೊಳ್ಳಲು ಬೇರೆ ದಾರಿ ಹುಡುಕಬಹುದು. ಮನೆಯಲ್ಲಿ ಕೂತ ಹುಡುಗಿ ಮತ್ತೆ ಶಾಲೆಗೆ ಬರುವುದಿಲ್ಲ.

ಕಾಗದಪತ್ರದಲ್ಲಿ ಹೆಚ್ಚು ಜನ ಎಡವುವುದು ಸರ್ಕಾರಿ ಕಚೇರಿಯಲ್ಲಲ್ಲ, ಸ್ವಂತ ಬೀರುವಿನಲ್ಲಿ. ಹಳೆಯ ಬಾಲಕಿಯರ ಶಾಲೆಗಳ ಜಾಗ ಬಹುಪಾಲು ದಾನದ್ದು. ದಾನಪತ್ರ ತೆಗೆದು ಓದಿ. ‘ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮಾತ್ರ’ ಎಂದಿದ್ದರೆ, ಅದರ ಜೊತೆಗೆ ‘ತಪ್ಪಿದಲ್ಲಿ ದಾನಿಯ ವಾರಸುದಾರರಿಗೆ ಹಿಂದಿರುಗತಕ್ಕದ್ದು’ ಎಂಬ ಸಾಲೂ ಇದ್ದರೆ, ವಕೀಲರಿಗೆ ತೋರಿಸದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಪಟ್ಟಣ ಬೆಳೆದು ಆ ಜಾಗಕ್ಕೆ ಬೆಲೆ ಬಂದಿರುತ್ತದೆ, ವಾರಸುದಾರರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ಸಂಸ್ಥೆಯ ಬೈಲಾದ ಧ್ಯೇಯೋದ್ದೇಶಗಳಲ್ಲೂ ‘ಬಾಲಕಿಯರ’ ಎಂದಿದ್ದರೆ ಸರ್ವಸದಸ್ಯರ ಸಭೆ ಕರೆದು ತಿದ್ದುಪಡಿ ಮಾಡಿ, ಸಂಘ ನೋಂದಣಿ ಕಚೇರಿಯಲ್ಲಿ ದಾಖಲಿಸಬೇಕು. ಇವೆರಡೂ ಮುಗಿದ ಮೇಲೆ ಇಲಾಖೆಯ ಫೈಲು.

ಬಿಇಓ ಕಚೇರಿಯ ಮೂಲಕ ಉಪನಿರ್ದೇಶಕರಿಗೆ ಹೋಗುವ ಆ ಫೈಲಿಗೆ ಆಡಳಿತ ಮಂಡಳಿಯ ಠರಾವು, ಮೂಲ ಮಾನ್ಯತೆ ಆದೇಶ, ಕೊನೆಯ ನವೀಕರಣ, ಮೂರು ವರ್ಷಗಳ ತರಗತಿವಾರು ಮಕ್ಕಳ ಸಂಖ್ಯೆ, ಪೋಷಕರ ಸಭೆಯ ನಡಾವಳಿ, ಕಟ್ಟಡ ಮತ್ತು ಅಗ್ನಿ ಸುರಕ್ಷತಾ ಪತ್ರ, ಶೌಚಾಲಯ ಗುರುತಿಸಿದ ನಕ್ಷೆ ಎಲ್ಲವನ್ನೂ ಒಂದೇ ಸಲಕ್ಕೆ ಸೇರಿಸಿ. ಒಂದು ಕಮ್ಮಿಯಾದರೂ ಆಕ್ಷೇಪಣೆ ಹಾಕಿಸಿಕೊಂಡು ಫೈಲು ವಾಪಸ್ ಬರುತ್ತದೆ, ಹೋಗಿಬರುವುದರಲ್ಲೇ ಏಪ್ರಿಲ್ ಕಳೆಯುತ್ತದೆ. ಅಕ್ಟೋಬರ್‌ನಲ್ಲಿ ಶುರು ಮಾಡಿದರೆ ಮುಂದಿನ ಜೂನ್‌ಗೆ ಸಿದ್ಧವಾಗಬಹುದು, ಜನವರಿಯಲ್ಲಿ ಶುರು ಮಾಡಿದರೆ ಪರದಾಟ.

ಆದೇಶ ಕೈಗೆ ಬರುವ ಮುನ್ನ ಹುಡುಗನ ಹೆಸರು ದಾಖಲಾತಿ ವಹಿಗೆ ಏರಬಾರದು. ‘ಕ್ಲಾಸಿಗೆ ಕೂರಿಸಿಕೊಳ್ಳೋಣ, ಎಂಟ್ರಿ ಆಮೇಲೆ ಮಾಡೋಣ’ ಎನ್ನುವ ಸಲಹೆ ಸ್ಟಾಫ್ ರೂಮಿನಲ್ಲಿ ಬಂದೇ ಬರುತ್ತದೆ. ಆ ಹುಡುಗನ ಹಳೆಯ ಶಾಲೆಯ ಟಿಸಿ ನಿಮ್ಮ ಬಳಿ, ಪ್ರತಿ ವಿದ್ಯಾರ್ಥಿಯ ದಾಖಲೆ ಇಡುವ ಇಲಾಖೆಯ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ಅವನ ಹೆಸರು ಎಲ್ಲೂ ಇಲ್ಲ. ಪಠ್ಯಪುಸ್ತಕ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನ ಎಲ್ಲಕ್ಕೂ ಅವನು ಇಲ್ಲದ ಮಗುವಾಗುತ್ತಾನೆ. ದೇಶದ ಎಲ್ಲ ಶಾಲೆಗಳ ಮಾಹಿತಿ ದಾಖಲಾಗುವ ಯುಡೈಸ್‌ನಲ್ಲಿ ಶಾಲೆಯ ಬಗೆಗೆ ಮೂರು ಆಯ್ಕೆಗಳಿವೆ: ಬಾಲಕರು, ಬಾಲಕಿಯರು, ಸಹಶಿಕ್ಷಣ. ಅದು ಮೊದಲು ಬದಲಾಗಬೇಕು. ಆಮೇಲೆ ಸ್ಯಾಟ್ಸ್, ಪರೀಕ್ಷಾ ಮಂಡಳಿಯ ದಾಖಲೆ, ಬ್ಯಾಂಕ್ ಖಾತೆ, ವೇತನ ಬಿಲ್ಲಿನ ಶಿರೋನಾಮೆ, ಮೊಹರು, ಟಿಸಿ ಪುಸ್ತಕ. ಬ್ಯಾಂಕ್ ಖಾತೆಯ ಹೆಸರು ಬದಲಿಸುವುದನ್ನು ಸಂಬಳದ ಬಿಲ್ಲು ಪಾಸಾದ ಮರುದಿನ ಮಾಡಿ. ಇಲ್ಲವಾದರೆ ಆ ತಿಂಗಳು ಹೆಸರು ತಾಳೆಯಾಗದೆ ದುಡ್ಡು ನಿಲ್ಲುತ್ತದೆ. ಹಳೆಯ ವಿದ್ಯಾರ್ಥಿನಿಯರ ಅಂಕಪಟ್ಟಿಯಲ್ಲಿ ಹಳೆಯ ಹೆಸರೇ ಇರುತ್ತದೆ. ಕೆಲಸಕ್ಕೆ ಸೇರುವಾಗ ಅವರು ದೃಢೀಕರಣಕ್ಕೆ ಬರುತ್ತಾರೆ. ‘ಎರಡೂ ಒಂದೇ ಶಾಲೆ, ಇಂಥ ಆದೇಶದ ಪ್ರಕಾರ ಹೆಸರು ಬದಲಾಗಿದೆ’ ಎಂಬ ಒಂದು ಪುಟದ ಪತ್ರವನ್ನು ಆದೇಶದ ಸಂಖ್ಯೆಯ ಸಮೇತ ಟೈಪು ಮಾಡಿ ಐವತ್ತು ಪ್ರತಿ ಇಟ್ಟುಕೊಂಡಿರಿ.

ಇನ್ನು ಶೌಚಾಲಯ. ಪೋಷಕರ ಸಭೆಯಲ್ಲಿ ಮೊದಲು ಎದ್ದು ನಿಂತ ತಾಯಿ ಕೇಳುವುದು ಇದನ್ನೇ: ‘ಮೇಡಂ, ಗಂಡುಮಕ್ಕಳಿಗೆ ಎಲ್ಲಿ ಕಟ್ತೀರಿ?’ ಅದಕ್ಕೆ ‘ಈಗಿರೋದ್ರಲ್ಲೇ ಅಡ್ಜಸ್ಟ್ ಮಾಡ್ತೀವಿ’ ಎಂದರೆ ಆ ಸಭೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ. ಅವರ ಭಯ ಸರಿಯಾದದ್ದೇ.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಹಗಲು ಶಾಲೆಯಲ್ಲಿ 40 ಹುಡುಗರಿಗೆ ಒಂದು ಶೌಚಗುಂಡಿ (ಬಾಗಿಲಿರುವ ಒಂದು ಶೌಚದ ಕೋಣೆ), 20 ಹುಡುಗರಿಗೆ ಒಂದು ಮೂತ್ರದ ಬೇಸಿನ್, 25 ಹುಡುಗಿಯರಿಗೆ ಒಂದು ಶೌಚಗುಂಡಿ ಇರಬೇಕು. ಇದನ್ನು ಶಾಲೆಯ ಗಂಟೆಗೆ ಹಚ್ಚಿ ನೋಡಿ. 120 ಹುಡುಗರು, 120 ಹುಡುಗಿಯರು ಇದ್ದಾರೆ ಅನ್ನಿ. ಹುಡುಗರಿಗೆ 3 ಗುಂಡಿ, 6 ಬೇಸಿನ್, ಒಟ್ಟು 9 ಜಾಗ. ಹುಡುಗಿಯರಿಗೆ 5. ವಿರಾಮ ಹತ್ತು ನಿಮಿಷ. ಹುಡುಗನೊಬ್ಬನಿಗೆ ಸರಾಸರಿ ಒಂದು ನಿಮಿಷ ಸಾಕು, ಹತ್ತು ನಿಮಿಷದಲ್ಲಿ ತೊಂಬತ್ತು ಜನ ಹೋಗಿಬರಬಹುದು. ಹುಡುಗಿಗೆ ಬಾಗಿಲು ಹಾಕಿ, ಚಿಲಕ ಹಾಕಿ, ಚೂಡಿದಾರ್ ಸರಿಮಾಡಿಕೊಂಡು, ನೀರು ಹಾಕಿ ಹೊರಬರಲು ಎರಡೂವರೆ ನಿಮಿಷವಾದರೂ ಬೇಕು. ಐದು ಗುಂಡಿಯಲ್ಲಿ ಇಪ್ಪತ್ತು ಜನ. ಉಳಿದ ನೂರು ಹುಡುಗಿಯರಲ್ಲಿ ಹೋಗಬೇಕಾದವರು ಸಾಲಿನಲ್ಲಿ ನಿಂತು ತಡವಾಗಿ ತರಗತಿಗೆ ಬರುತ್ತಾರೆ, ಇಲ್ಲವೇ ಬೆಳಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾರೆ. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದಾಗಿನ ಲೆಕ್ಕ ಇದು. ಆದ್ದರಿಂದ ಬಾಲಕಿಯರ ಶಾಲೆಯಾಗಿದ್ದಾಗ ಇದ್ದ ಶೌಚಾಲಯದಲ್ಲಿ ಒಂದು ಗುಂಡಿಯನ್ನೂ ಹುಡುಗರಿಗೆ ಬಿಟ್ಟುಕೊಡಬೇಡಿ. ಹುಡುಗಿಯರ ಸಂಖ್ಯೆ ಕಮ್ಮಿಯಾಗಿದೆ, ಹೆಚ್ಚುವರಿ ಇದೆ ಎಂದು ಇಂಜಿನಿಯರ್ ಹೇಳಬಹುದು. ಅದು ಹೆಚ್ಚುವರಿಯಲ್ಲ, ಇಷ್ಟು ವರ್ಷ ಕೊರತೆಯಿದ್ದದ್ದು ಈಗ ಸರಿಹೋಗಿದೆ ಅಷ್ಟೆ.

ಹಣ ಉಳಿಸಲು ಮಾಡುವ ಅತಿ ಕೆಟ್ಟ ಕೆಲಸವೆಂದರೆ ಇರುವ ಬ್ಲಾಕಿನ ನಡುವೆ ಏಳಡಿ ಗೋಡೆ ಎಬ್ಬಿಸಿ ಎರಡು ಮಾಡುವುದು. ಗೋಡೆಗೂ ಶೀಟಿಗೂ ನಡುವೆ ಉಳಿಯುವ ಸಂದಿನಲ್ಲಿ ಮಾತು ಕೇಳಿಸುತ್ತದೆ, ಕಲ್ಲು ಬೀಳುತ್ತದೆ, ಈಗಿನ ಕಾಲದಲ್ಲಿ ಮೊಬೈಲೂ ಇಣುಕುತ್ತದೆ. ಇನ್ನೇನೂ ಆಗದಿದ್ದರೂ ಆ ಗೋಡೆಯ ಪಕ್ಕದ ಗುಂಡಿಯನ್ನು ಹುಡುಗಿಯರು ಬಳಸುವುದಿಲ್ಲ. ಹುಡುಗರ ಬ್ಲಾಕು ಬೇರೆ ದಿಕ್ಕಿನಲ್ಲಿರಬೇಕು, ಅದಕ್ಕೆ ಹೋಗುವ ದಾರಿ ಹುಡುಗಿಯರ ಬ್ಲಾಕಿನ ಮುಂದೆ ಹಾಯಬಾರದು. ಮೊದಲು ಎಲ್ಲರೂ ಹುಡುಗಿಯರೇ ಎಂದು ಕಿಟಕಿ, ಜಾಲಿಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ. ಈಗ ಮಹಡಿಯ ವರಾಂಡಾದಲ್ಲಿ ನಿಂತು ಕೆಳಗೆ ನೋಡಿ. ಬಾಗಿಲು ತೆರೆದಾಗ ಒಳಗಡೆ ಕಾಣುತ್ತದೆಯೇ? ಕಂಡರೆ ಬಾಗಿಲಿನ ಎದುರು ಅಡ್ಡಗೋಡೆ. ಪ್ರತಿ ಚಿಲಕವನ್ನೂ ಕೈಯಾರೆ ಹಾಕಿ ತೆಗೆದು ನೋಡಿ. ಇಷ್ಟು ದಿನ ಚಿಲಕ ಕೆಟ್ಟಿದ್ದರೆ ಗೆಳತಿ ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಇನ್ನು ಹಾಗೆ ನಿಲ್ಲಲು ಅವಳಿಗೂ ಮುಜುಗರ.

ಹುಡುಗರ ಬ್ಲಾಕಿನಲ್ಲಿ ಮೂತ್ರದ ಬೇಸಿನ್ನುಗಳ ನಡುವೆ ಮಧ್ಯದಿಂದ ಮಧ್ಯಕ್ಕೆ 70 ಸೆಂ.ಮೀ. ಅಂತರವಿರಲಿ, ಅಡ್ಡ ಕಲ್ಲು ಇರಲೇಬೇಕು. 8ನೇ ತರಗತಿಯಲ್ಲಿ ನಾಲ್ಕೂವರೆ ಅಡಿಯವನೂ ಇರುತ್ತಾನೆ, ಐದೂವರೆ ಅಡಿಯವನೂ ಇರುತ್ತಾನೆ. ಒಂದೆರಡು ಬೇಸಿನ್ನಿನ ತುಟಿ ನೆಲದಿಂದ 45 ಸೆಂ.ಮೀ. ಎತ್ತರಕ್ಕೆ ಬರಲಿ, ಉಳಿದವು 55ಕ್ಕೆ. ಹೊರಹೋಗುವ ನಾಲ್ಕು ಇಂಚಿನ ಪೈಪಿಗೆ 40ಕ್ಕೆ 1ರ ಇಳಿಜಾರು, ಅಂದರೆ ಒಂದು ಮೀಟರಿಗೆ ಎರಡೂವರೆ ಸೆಂಟಿಮೀಟರ್ ಕೊಡಬೇಕು. ಕಡಿಮೆ ಕೊಟ್ಟರೆ ನಿಂತ ಮೂತ್ರ ಉಪ್ಪು ಕಟ್ಟುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಉಪ್ಪು ಇನ್ನೂ ಬೇಗ ಕಟ್ಟುತ್ತದೆ. ಆರು ತಿಂಗಳಲ್ಲಿ ಪೈಪಿನ ಬಾಯಿ ಕಿರಿದಾಗಿ, ವಾಸನೆ ಹತ್ತಿರದ ತರಗತಿಗೆ ಹೊಡೆಯುತ್ತದೆ. ಆಮೇಲೆ ಯಾರೋ ಆಸಿಡ್ ಸುರಿಯುತ್ತಾರೆ, ಟೈಲ್ಸ್ ನಡುವಿನ ಸಿಮೆಂಟ್ ತಿಂದುಹೋಗಿ ಗೋಡೆಗೆ ಇಳಿಯುತ್ತದೆ. ಪ್ರತಿ ವಿರಾಮದ ನಂತರ ಎರಡು ಬಕೆಟ್ ನೀರು ಹಾಕಿಸಿದರೆ ಇಷ್ಟೆಲ್ಲ ಪೇಚಾಟವಿಲ್ಲ. ಹಗಲು ಶಾಲೆಗೆ ತಲಾ 45 ಲೀಟರ್ ನೀರು ಎಂಬುದು ಮಾನದಂಡ. 240 ಮಕ್ಕಳಿಗೆ ದಿನಕ್ಕೆ 10,800 ಲೀಟರ್. ಮೇಲಿರುವ ಎರಡು ಸಾವಿರ ಲೀಟರಿನ ಟ್ಯಾಂಕು ಎಷ್ಟು ಸಲ ತುಂಬಬೇಕು, ಕರೆಂಟ್ ಎಷ್ಟು ಹೊತ್ತಿಗೆ ಇರುತ್ತದೆ ಎಂದು ಲೆಕ್ಕ ಹಾಕಿ ಇನ್ನೊಂದು ಟ್ಯಾಂಕು ಇಡಿಸಿ.

ಪ್ಯಾಡುಗಳ ವಿಷಯವೂ ಇದಕ್ಕೇ ಸೇರಿದ್ದು. ಬಾಲಕಿಯರ ಶಾಲೆಯಲ್ಲಿ, ಸರ್ಕಾರ ಉಚಿತವಾಗಿ ಪ್ಯಾಡು ಕೊಡುವ ‘ಶುಚಿ’ ಯೋಜನೆಯ ಪೆಟ್ಟಿಗೆ ಕಚೇರಿಯ ಮೂಲೆಯಲ್ಲಿ ತೆರೆದೇ ಇರುತ್ತದೆ. ಬೇಕಾದವಳು ಬಂದು ಕೇಳಿ ತೆಗೆದುಕೊಂಡು ಹೋಗುತ್ತಾಳೆ. ಹುಡುಗರು ಹಾಜರಿ ಪುಸ್ತಕ ತರಲು, ಚಾಕ್‌ಪೀಸ್ ಒಯ್ಯಲು ಕಚೇರಿಗೆ ಬಂದುಹೋಗುವಂತಾದ ದಿನದಿಂದ ಕೇಳುವವರು ಇಲ್ಲವಾಗುತ್ತಾರೆ. ಪೆಟ್ಟಿಗೆ ಹಾಗೇ ತುಂಬಿರುತ್ತದೆ, ಬೇಡಿಕೆ ಇಲ್ಲ ಎಂದು ನಾವು ತಿಳಿಯುತ್ತೇವೆ. ಅದನ್ನು ಹುಡುಗಿಯರ ಬ್ಲಾಕಿನ ಒಳಗೇ ಗೂಡು ಮಾಡಿ ಇಡಬೇಕು. ಲೆಕ್ಕಕ್ಕೆ ವಾರಕ್ಕೊಮ್ಮೆ ಒಬ್ಬ ಶಿಕ್ಷಕಿ ನೋಡಿದರೆ ಸಾಕು.

ಎಷ್ಟು ಹುಡುಗರು, ಯಾವ ತರಗತಿಗೆ? ಮೂರೂ ತರಗತಿಗೆ ಒಟ್ಟಿಗೆ ತೆರೆಯಬೇಡಿ. 10ನೇ ತರಗತಿಗೆ ಬೇರೆ ಶಾಲೆಯಿಂದ ಬರುವ ಹುಡುಗ ಸಾಮಾನ್ಯವಾಗಿ ಅಲ್ಲಿಂದ ಕಳಿಸಲ್ಪಟ್ಟವನು. ಪರೀಕ್ಷೆಯ ವರ್ಷದಲ್ಲಿ ನಿಮ್ಮ ಹುಡುಗಿಯರಿಗೂ ಅದು ಬೇಡ, ಅವನಿಗೂ ನ್ಯಾಯವಲ್ಲ. 8ರಿಂದ ಶುರುಮಾಡಿ. ತರಗತಿಯಲ್ಲಿ ಮೂರನೇ ಒಂದು ಪಾಲಾದರೂ ಹುಡುಗರಿರಬೇಕು ಎಂಬುದು ನಮ್ಮ ಅಂದಾಜು. ನಲವತ್ತೈದು ಜನರಲ್ಲಿ ಐದು ಹುಡುಗರಿದ್ದರೆ ಐವರೂ ಕೊನೆಯ ಬೆಂಚಿಗೆ ಹೋಗಿ ಅಂಟಿಕೊಳ್ಳುತ್ತಾರೆ. ಊರಲ್ಲಿ ‘ಹುಡ್ಗೀರ್ ಸ್ಕೂಲಿಗೆ ಹೋಗ್ತಾನೆ’ ಎಂದು ಚುಡಾಯಿಸುತ್ತಾರೆ, ದಸರಾ ರಜೆ ಮುಗಿಯುವಷ್ಟರಲ್ಲಿ ಮೂವರ ಟಿಸಿ ಹೋಗಿರುತ್ತದೆ. ಎರಡು ಸೆಕ್ಷನ್ ಇದ್ದು ಹುಡುಗರು ಕಡಿಮೆ ಬಂದರೆ ಎಲ್ಲರನ್ನೂ ಒಂದೇ ಸೆಕ್ಷನ್ನಿಗೆ ಹಾಕಿ, ಜೊತೆಗೆ ಹುಡುಗಿಯರನ್ನೂ ಕೂರಿಸಿ. ‘ಎ ಸೆಕ್ಷನ್ ಹುಡುಗಿಯರು, ಬಿ ಸೆಕ್ಷನ್ ಹುಡುಗರು’ ಎಂದು ಮಾತ್ರ ಮಾಡಬೇಡಿ. ಎಷ್ಟೋ ಶಾಲೆಗಳು ಬೋರ್ಡು ಬದಲಿಸಿ, ಇದನ್ನೇ ಸಹಶಿಕ್ಷಣ ಎಂದು ಕರೆದುಕೊಂಡಿವೆ. ಒಂದೇ ಕಾಂಪೌಂಡಿನಲ್ಲಿ ಎರಡು ಶಾಲೆ ನಡೆಸಿದಂತೆ ಅದು.

ಹುಡುಗರನ್ನು ಕರೆತರಲು ಫೆಬ್ರವರಿಯಲ್ಲೇ ಸುತ್ತಲಿನ ಹಿರಿಯ ಪ್ರಾಥಮಿಕ ಶಾಲೆಗಳ 7ನೇ ತರಗತಿಗೆ ಹೋಗಬೇಕು. ಅಣ್ಣ-ತಂಗಿ, ಅಕ್ಕ-ತಮ್ಮ ಇರುವ ಮನೆಗಳೇ ನಿಮ್ಮ ಮೊದಲ ದಾಖಲಾತಿ. ಅಕ್ಕ ಆಗಲೇ ನಿಮ್ಮಲ್ಲಿ 10ನೇ ತರಗತಿ ಓದುತ್ತಿದ್ದರೆ ತಮ್ಮನನ್ನು ಸೇರಿಸಲು ಮನೆಯವರು ಹೆಚ್ಚು ಯೋಚಿಸುವುದಿಲ್ಲ. ಹೀಗೆ ಬಂದ ಹುಡುಗರು ಮೊದಲ ವರ್ಷದ ಹಲವು ತಂಟೆಗಳನ್ನು ತಾವಾಗಿಯೇ ತಪ್ಪಿಸುತ್ತಾರೆ, ಅಕ್ಕನ ಗೆಳತಿಯರೆಲ್ಲ ಅವರಿಗೆ ಅಕ್ಕಂದಿರೇ. ಸಮವಸ್ತ್ರದಲ್ಲಿ ಹೆಚ್ಚು ತಲೆಬಿಸಿ ಇಲ್ಲ. ಚೂಡಿದಾರಿನ ಬಣ್ಣದ್ದೇ ಅಂಗಿ-ಪ್ಯಾಂಟು ಆದರೆ ಅದೇ ಅಂಗಡಿಯಲ್ಲಿ ಬಟ್ಟೆ ಸಿಗುತ್ತದೆ. ಹುಡುಗರು ಬಂದರು ಎಂದು ಹುಡುಗಿಯರ ಉಡುಪಿಗೆ ಹೊಸದಾಗಿ ಓವರ್‌ಕೋಟು ಸೇರಿಸುವ ಸಲಹೆ ಬರುತ್ತದೆ. ಬೇಡ. ಬಂದವರು ಹುಡುಗರು, ನಿಯಮ ಹುಡುಗಿಯರ ಮೇಲೆ ಯಾಕೆ?

ತರಗತಿಯ ಒಳಗೆ ಬದಲಾಗಬೇಕಾದದ್ದು ಸಣ್ಣ ಸಣ್ಣ ಸಂಗತಿಗಳು. ಹಾಜರಿ ಪುಸ್ತಕವನ್ನೇ ತೆಗೆದುಕೊಳ್ಳಿ. ನಮ್ಮ ಶಾಲೆಗಳಲ್ಲಿ ರೂಢಿ ಹೇಗೆಂದರೆ ಮೊದಲು ಹುಡುಗರ ಹೆಸರು, ಗೆರೆ ಎಳೆದು ಆಮೇಲೆ ಹುಡುಗಿಯರದ್ದು. ನಿನ್ನೆಯವರೆಗೆ ಒಂದನೇ ನಂಬರಾಗಿದ್ದ ಹುಡುಗಿ ಇಂದು ಹದಿನೇಳನೆಯವಳಾಗುತ್ತಾಳೆ. ಯಾರೂ ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹಾಗೆ ಬರೆಯುತ್ತದೆ. ಎಲ್ಲರನ್ನೂ ಸೇರಿಸಿ ಅಕಾರಾದಿಯಲ್ಲಿ ಬರೆಯಿರಿ. ಪ್ರಯೋಗಾಲಯದ ಜೋಡಿ, ಪ್ರಾಜೆಕ್ಟಿನ ಗುಂಪು, ಪ್ರಾರ್ಥನೆಯ ಸಾಲು ಎಲ್ಲವೂ ಈ ಪಟ್ಟಿಯಿಂದಲೇ ಹುಟ್ಟುತ್ತವೆ. ಒಂದೇ ಡೆಸ್ಕಿನಲ್ಲಿ ಹುಡುಗ-ಹುಡುಗಿಯನ್ನು ಕೂರಿಸುವ ಹಟ ಮೊದಲ ವರ್ಷ ಬೇಡ. ಆದರೆ ಎಡಗಡೆ ಹುಡುಗರು, ಬಲಗಡೆ ಹುಡುಗಿಯರು ಎಂಬ ಗಡಿಯೂ ಬೇಡ. ಒಂದು ಡೆಸ್ಕು ಹುಡುಗಿಯರದ್ದು, ಅದರ ಹಿಂದಿನದು ಹುಡುಗರದ್ದು ಎಂದು ಬೆರೆಸಿ, ವಾರಕ್ಕೊಮ್ಮೆ ಮುಂದಿನವರು ಹಿಂದಕ್ಕೆ ಹೋಗಲಿ.

ಬಾಯಿಯ ರೂಢಿ ಇನ್ನೂ ಗಟ್ಟಿ. ಇಪ್ಪತ್ತು ವರ್ಷ ‘ಕೂತ್ಕೊಳ್ರೇ’, ‘ಏನೇ ಅದು?’, ‘ಬಾರೇ ಇಲ್ಲಿ’ ಎಂದ ನಾಲಿಗೆ ಅದು. ಮೊದಲ ವಾರ ಹುಡುಗನಿಗೂ ‘ಬಾರೇ’ ಎಂದಾಗ ತರಗತಿ ಬಿದ್ದು ಬಿದ್ದು ನಗುತ್ತದೆ, ಅದೇನೂ ತೊಂದರೆಯಲ್ಲ. ತೊಂದರೆ ಆಮೇಲಿನದು. ತಿದ್ದಿಕೊಂಡ ಶಿಕ್ಷಕಿ ಇಡೀ ತರಗತಿಗೆ ‘ಏನ್ರೋ’ ಎನ್ನಲು ಶುರುಮಾಡುತ್ತಾರೆ. ಹುಡುಗಿಯರನ್ನು ಕರೆಯುವ ಪದವೇ ಆ ಕೋಣೆಯಿಂದ ಮಾಯ. ‘ಮಕ್ಕಳೇ’ ಎಂದರೆ ಇಬ್ಬರಿಗೂ ಸಲ್ಲುತ್ತದೆ, ಇಲ್ಲವೇ ಹೆಸರು ಹಿಡಿದು ಕರೆಯಿರಿ.

ಪ್ರಶ್ನೆ ಕೇಳಿದ ಕೂಡಲೇ ಹುಡುಗರು ಕೈಯೆತ್ತದೆ ಉತ್ತರ ಕೂಗುತ್ತಾರೆ. ತಪ್ಪಾದರೂ ಕೂಗುತ್ತಾರೆ. ಸರಿಯುತ್ತರ ಗೊತ್ತಿದ್ದ ಹುಡುಗಿ ಇನ್ನೊಮ್ಮೆ ಯೋಚಿಸುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಐದು ಎಣಿಸಿ, ಆಮೇಲೆ ಹೆಸರು ಕರೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ತಿಂಗಳಿಗೊಮ್ಮೆ ಸಹೋದ್ಯೋಗಿಯೊಬ್ಬರು ಹಿಂದೆ ಕೂತು ಹಾಳೆಯಲ್ಲಿ ಎರಡು ಕಾಲಂ ಮಾಡಿ, ಯಾರು ಉತ್ತರಿಸಿದರು ಎಂದು ಗೆರೆ ಹಾಕುತ್ತ ಹೋಗಲಿ. ‘ನಾನು ಭೇದ ಮಾಡಲ್ಲಪ್ಪ’ ಎನ್ನುವವರ ಹಾಳೆ ನೋಡುವಂತಿರುತ್ತದೆ. 8ನೇ ತರಗತಿಯ ವಿಜ್ಞಾನದಲ್ಲಿ ಬರುವ ಹದಿಹರೆಯದ ಪಾಠವನ್ನೂ 10ರ ಸಂತಾನೋತ್ಪತ್ತಿಯ ಪಾಠವನ್ನೂ ‘ಮನೇಲಿ ಓದ್ಕೊಳ್ಳಿ’ ಎಂದು ಬಿಡುವುದು ಈಗ ಹೆಚ್ಚುತ್ತದೆ. ಬಿಡಬಾರದು. ಪಾಠ ಒಟ್ಟಿಗೇ ಮಾಡಿ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಎಲ್ಲರಿಂದಲೂ ಪಡೆಯಿರಿ; ಪ್ರಶ್ನೆ ಇಲ್ಲದವರು ಖಾಲಿ ಚೀಟಿಯನ್ನೇ ಹಾಕಲಿ, ಆಗ ಬರೆದವರು ಯಾರೆಂದು ಗೊತ್ತಾಗುವುದಿಲ್ಲ.

ಮೈದಾನದಲ್ಲಿ ಆಗುವ ನಷ್ಟ ಎಲ್ಲಕ್ಕಿಂತ ಬೇಗ ಆಗುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಬಾಲಕಿಯರ ಶಾಲೆಯ ಅಂಗಳದಲ್ಲಿ ಥ್ರೋಬಾಲ್ ಅಂಕಣ ಕಾಯಂ ಇರುತ್ತದೆ: 18.30 ಮೀಟರ್ ಉದ್ದ, 12.20 ಮೀಟರ್ ಅಗಲ. ಪಕ್ಕದಲ್ಲಿ 27ಕ್ಕೆ 16ರ ಖೋಖೋ. ಹುಡುಗರು ಬಂದು ಎರಡನೇ ವಾರಕ್ಕೆ ಒಬ್ಬ ಬ್ಯಾಟು ತರುತ್ತಾನೆ. ಕ್ರಿಕೆಟ್ ಪಿಚ್ಚು 22 ಗಜವೇ ಇದ್ದರೂ ಚೆಂಡು ಹೋದಲ್ಲೆಲ್ಲ ಮೈದಾನ. ಥ್ರೋಬಾಲ್ ಆಡುವವರ ತಲೆಯ ಮೇಲೆ ಚೆಂಡು ಹಾರತೊಡಗಿದ ಮೇಲೆ ಅವರು ಮೊದಲು ಬದಿಗೆ ಸರಿಯುತ್ತಾರೆ, ಆಮೇಲೆ ಮರದಡಿ ಕೂರುತ್ತಾರೆ. ತಿಂಗಳೊಪ್ಪತ್ತಿನಲ್ಲಿ ‘ಹುಡುಗಿಯರಿಗೆ ಆಟದಲ್ಲಿ ಆಸಕ್ತಿ ಇಲ್ಲ’ ಎಂಬ ತೀರ್ಮಾನ ತಯಾರಾಗುತ್ತದೆ. ಇದಕ್ಕೆ ಬುದ್ಧಿಮಾತು ಕೆಲಸ ಮಾಡುವುದಿಲ್ಲ, ವೇಳಾಪಟ್ಟಿ ಮಾಡುತ್ತದೆ. ಥ್ರೋಬಾಲ್, ಖೋಖೋ ಅಂಕಣಗಳನ್ನು ಅಳಿಸದೆ ಅವುಗಳ ಹೊರಗೆ ಎಲ್ಲಿ ಏನು ಆಡಬಹುದು ಎಂದು ಸುಣ್ಣದಲ್ಲಿ ಗುರುತು ಹಾಕಿ. ಕ್ರಿಕೆಟ್‌ಗೆ ವಾರದಲ್ಲಿ ಎರಡೇ ಅವಧಿ, ಅದರಲ್ಲೂ ಒಂದು ಹುಡುಗಿಯರಿಗೆ. ಉಳಿದ ದಿನ ಹುಡುಗರೂ ಖೋಖೋ ಆಡಲಿ, ಕಲಿಸಲು ಹುಡುಗಿಯರೇ ಇದ್ದಾರಲ್ಲ. ಕಬಡ್ಡಿಯಲ್ಲಿ ಪುರುಷರ ಅಂಕಣ 13ಕ್ಕೆ 10, ಮಹಿಳೆಯರದ್ದು 12ಕ್ಕೆ 8. ಒಂದರೊಳಗೆ ಒಂದು ಎಳೆಯಬಹುದು, ಬೇರೆ ಬಣ್ಣದ ಗೆರೆ ಇದ್ದರಾಯಿತು. ವಾಲಿಬಾಲ್ ಕಂಬಕ್ಕೆ ಎರಡು ಕೊಕ್ಕೆ ಬೇಕು. ಬಲೆಯ ಎತ್ತರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24. ಕೊಕ್ಕೆ ಒಂದೇ ಇದ್ದರೆ ಬಲೆ ಯಾವ ಎತ್ತರದಲ್ಲಿ ಉಳಿಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಗೈಡ್ಸ್ ದಳ ಇರುವಲ್ಲಿ ಹುಡುಗರಿಗೆ ಸ್ಕೌಟ್ ದಳವನ್ನು ಬೇರೆಯಾಗಿಯೇ ನೋಂದಾಯಿಸಬೇಕು, ತರಬೇತಿ ಪಡೆದ ಶಿಕ್ಷಕರೊಬ್ಬರು ಬೇಕು. ಗೈಡ್ ಕ್ಯಾಪ್ಟನ್ ಮೇಡಂ ಅವರ ಹೆಗಲಿಗೆ ಎರಡನ್ನೂ ಹೊರಿಸಿದರೆ ಎರಡೂ ನಿಲ್ಲುತ್ತವೆ.

ಈಗ ಎಲ್ಲರಿಗೂ ಭಯವಿರುವ ವಿಷಯ: ಚೀಟಿ. ನೋಟ್‌ಬುಕ್ಕಿನ ನಡುವೆ ಒಂದು ಪ್ರೇಮಪತ್ರ ಸಿಗುತ್ತದೆ, ಮೊದಲ ವರ್ಷವೇ ಸಿಗುತ್ತದೆ. ಇದನ್ನು ಹೇಗೆ ನಿಭಾಯಿಸುವುದು ಎಂದು ಜೂನ್‌ಗೆ ಮೊದಲೇ ಸ್ಟಾಫ್ ಸಭೆಯಲ್ಲಿ ತೀರ್ಮಾನ ಮಾಡಿ ಬರೆದಿಡಿ. ಆ ದಿನದ ಸಿಟ್ಟಿಗೆ ಬಿಟ್ಟರೆ ಆಗುವುದು ಇಷ್ಟು: ಇಬ್ಬರ ಮನೆಯವರನ್ನೂ ಕರೆಸುತ್ತಾರೆ, ಹುಡುಗನಿಗೆ ಅಪ್ಪ ಎರಡು ಬಾರಿಸುತ್ತಾನೆ, ಅವನು ಮರುದಿನ ಶಾಲೆಗೆ ಬರುತ್ತಾನೆ. ಹುಡುಗಿ ಬರುವುದಿಲ್ಲ. ಆ ಚೀಟಿ ಅವಳು ಬರೆದದ್ದೇ ಆಗಿರಬೇಕೆಂದಿಲ್ಲ, ಅವಳ ಬ್ಯಾಗಿನಲ್ಲಿ ಸಿಕ್ಕರೆ ಸಾಕು. ಬೇಸಿಗೆಯೊಳಗೆ ಮದುವೆಯ ಮಾತೂ ನಡೆಯಬಹುದು. 18 ತುಂಬದ ಹುಡುಗಿಯ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಅಪರಾಧ. ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಶಾಲೆಯ ಕೆಲಸ. ನಾವು ಇಟ್ಟುಕೊಂಡ ಕ್ರಮ ಹೀಗೆ: ಚೀಟಿ ಸಿಕ್ಕರೆ ತರಗತಿ ಶಿಕ್ಷಕರು ಮುಖ್ಯ ಶಿಕ್ಷಕರಿಗೆ ಮಾತ್ರ ಕೊಡುವುದು, ತರಗತಿಯಲ್ಲಿ ಓದಬಾರದು, ಪ್ರಾರ್ಥನೆಯಲ್ಲಿ ‘ಕೆಲವರು’ ಎಂದು ಚುಚ್ಚಬಾರದು. ಇಬ್ಬರೊಡನೆಯೂ ಬೇರೆ ಬೇರೆಯಾಗಿ ಮಾತು. ಬಲವಂತ, ಬೆದರಿಕೆ, ಹಿಂಬಾಲಿಸುವುದು, ಫೋಟೊ ಇವ್ಯಾವುದೂ ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

ಲೈಂಗಿಕ ದೌರ್ಜನ್ಯದ ಮಾಹಿತಿ ಬಂದರೆ ಈ ಕ್ರಮ ಅನ್ವಯಿಸುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಮಿನಡಿ ಶಿಕ್ಷೆ ಇದೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ‘ಮೊದಲು ನಾವೇ ವಿಚಾರಣೆ ಮಾಡೋಣ’ ಎನ್ನುವ ಅವಕಾಶ ಕಾನೂನಿನಲ್ಲಿ ಇಲ್ಲ. ಹುಡುಗರೂ ಈ ಕಾಯ್ದೆಯ ರಕ್ಷಣೆಯಲ್ಲಿರುವ ಮಕ್ಕಳೇ ಎಂಬುದನ್ನು ಹೆಣ್ಣುಮಕ್ಕಳನ್ನಷ್ಟೇ ನೋಡಿಕೊಂಡು ಬಂದ ಸಿಬ್ಬಂದಿ ಮರೆಯುತ್ತಾರೆ.

ಹುಡುಗರಿಲ್ಲದ ಶಾಲೆಯಲ್ಲಿ ಬೆಂಚು ಹೊರುವವರು, ಗಂಟೆ ಹೊಡೆಯುವವರು, ಧ್ವಜದ ಹಗ್ಗ ಕಟ್ಟುವವರು, ಪಥಸಂಚಲನದಲ್ಲಿ ದೊಡ್ಡ ಡ್ರಮ್ಮು ಬಾರಿಸುವವರು, ಮೈಕ್ ಜೋಡಿಸುವವರು ಎಲ್ಲರೂ ಹುಡುಗಿಯರೇ. ಹುಡುಗರು ಬಂದ ಮೊದಲ ಸ್ವಾತಂತ್ರ್ಯ ದಿನಾಚರಣೆಯಲ್ಲೇ ಇವೆಲ್ಲ ಕೈಬದಲಾಗುತ್ತವೆ. ‘ಲೋ, ಆ ಬೆಂಚ್ ತಗೊಂಡ್ಬಾ’ ಎನ್ನುವುದು ನಮ್ಮದೇ ಬಾಯಿ. ಹುಡುಗಿಯರ ಪಾಲಿಗೆ ರಂಗೋಲಿ, ಆರತಿ ತಟ್ಟೆ, ಅತಿಥಿಗಳಿಗೆ ಹೂವು. ಶಾಲಾ ಸಂಸತ್ತಿನಲ್ಲಿ ಪ್ರಧಾನಿ ಹುಡುಗ, ಸ್ವಚ್ಛತಾ ಮಂತ್ರಿ ಹುಡುಗಿ. ಇದನ್ನು ತಡೆಯಲು ದೊಡ್ಡ ಉಪಾಯವೇನೂ ಬೇಕಿಲ್ಲ. ಶಾಲೆಯ ಎಲ್ಲ ಕೆಲಸಗಳನ್ನೂ ಒಂದು ಚಾರ್ಟಿನಲ್ಲಿ ಬರೆದು, ಅಕಾರಾದಿ ಪಟ್ಟಿಯ ಪ್ರಕಾರ ಹದಿನೈದು ದಿನಕ್ಕೊಮ್ಮೆ ಸರದಿ ಬದಲಿಸಿ. ರಂಗೋಲಿಯೂ ಅದರಲ್ಲಿರಲಿ. ಮೊದಲ ವರ್ಷ ಚಾರ್ಟು ಚೆನ್ನಾಗಿ ನಡೆಯುತ್ತದೆ, ಎಲ್ಲರಿಗೂ ಉತ್ಸಾಹವಿರುತ್ತದೆ. ಎರಡನೇ ವರ್ಷದ ಮಳೆಗಾಲದಲ್ಲಿ ಅದು ಗೋಡೆಯಿಂದ ಬೀಳುತ್ತದೆ, ಹೊಸದನ್ನು ಯಾರೂ ಅಂಟಿಸುವುದಿಲ್ಲ. ಹಾಗಾಗಿ ಆ ಕೆಲಸವನ್ನೂ ಚಾರ್ಟಿನಲ್ಲೇ ಬರೆಯಬೇಕು.

ಪ್ರತಿ ಏಪ್ರಿಲ್‌ನಲ್ಲಿ ಟಿಸಿ ವಹಿ ತೆಗೆದು ನಡುವರ್ಷದಲ್ಲಿ ಬಿಟ್ಟುಹೋದ ಹುಡುಗಿಯರ ಹೆಸರು ಬರೆದುಕೊಳ್ಳಿ. ಕಾರಣದ ಕಾಲಮಿನಲ್ಲಿ ‘ಪೋಷಕರ ಕೋರಿಕೆ’ ಎಂದಷ್ಟೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಫೋನ್ ಮಾಡಿ, ಆಗದಿದ್ದರೆ ಮನೆಗೇ ಹೋಗಿ. ಹುಡುಗರ ಕಾಟ ಎಂಬ ಉತ್ತರಕ್ಕೆ ಸಿದ್ಧವಾಗಿ ಹೋಗಿರುತ್ತೇವೆ, ಬರುವ ಉತ್ತರ ಬೇರೆಯೇ ಇರಬಹುದು. ಕ್ರೀಡಾ ಅವಧಿ ಇಬ್ಬರಿಗೂ ಸಾಲಲಿ ಎಂದು ಸಂಜೆ ಇಪ್ಪತ್ತು ನಿಮಿಷ ಹೆಚ್ಚಿಸಿರುತ್ತೇವೆ. ಅದರಿಂದ ನಾಲ್ಕೂವರೆಯ ಬಸ್ಸು ತಪ್ಪುತ್ತದೆ, ಮುಂದಿನದು ಆರಕ್ಕೆ. ಹುಡುಗರು ಸೈಕಲ್ಲಿನಲ್ಲೋ ಯಾರದೋ ಬೈಕಿನ ಹಿಂದೆಯೋ ಹೋಗಿಬಿಡುತ್ತಾರೆ. ಹುಡುಗಿಯರು ಒಂದೂವರೆ ಗಂಟೆ ಸ್ಟ್ಯಾಂಡಿನಲ್ಲಿ. ಆ ಇಪ್ಪತ್ತು ನಿಮಿಷವನ್ನು ಬೆಳಗ್ಗೆ ಪ್ರಾರ್ಥನೆಗೆ ಮೊದಲು ಹಾಕಿಕೊಂಡರೆ ಸಂಜೆಯ ಬಸ್ಸು ಸಿಗುತ್ತದೆ. ಡಿಪೊ ಮ್ಯಾನೇಜರರಿಗೆ ಪತ್ರ ಬರೆಯುವುದಕ್ಕಿಂತ ಇದು ಬೇಗ ಆಗುವ ಕೆಲಸ.